ಊರಿನ ಸಮಸ್ಯೆಯನ್ನು ಶಾಸಕರ ಮೂಲಕ ಸದನದವರೆಗೆ ಒಯ್ಯುವುದು ಹೇಗೆ?

ಶಾಸಕರ ಮನೆ ಮುಂದೆ ಬೆಳಗ್ಗೆ ಸೇರುವ ಜನರ ಕೈಯಲ್ಲಿ ಏನೇನಿರುತ್ತದೆ ಅಂತ ಒಮ್ಮೆ ನೋಡಿ. ಮದುವೆ ಕಾರ್ಡು, ಆಸ್ಪತ್ರೆ ಬಿಲ್ಲು, ವರ್ಗಾವಣೆ ಅರ್ಜಿ, ದೇವಸ್ಥಾನದ ರಸೀದಿ ಪುಸ್ತಕ. ಊರಿನ ರಸ್ತೆ, ಶಾಲೆ, ನೀರಿನ ವಿಷಯಕ್ಕೆ ಬಂದವರೂ ಇರುತ್ತಾರೆ. ಆದರೆ ಅವರ ಕೈಯಲ್ಲಿ ಎಷ್ಟೋ ಸಲ ಕಾಗದವೇ ಇರುವುದಿಲ್ಲ. "ಸಾರ್, ನಮ್ಮೂರ ಕಡೆ ಸ್ವಲ್ಪ ನೋಡಿ" ಅನ್ನುತ್ತಾರೆ. "ಆಯ್ತು, ಮಾಡೋಣ" ಅನ್ನುತ್ತಾರೆ ಶಾಸಕರು. ಅಲ್ಲಿಗೆ ಆ ಮಾತು ಗಾಳಿಗೆ ಹೋಯಿತು. ಆರು ತಿಂಗಳು ಬಿಟ್ಟು ಮತ್ತೆ ಹೋದರೆ ಅದೇ ಮಾತು, ಅದೇ ಉತ್ತರ.

ಶಾಸಕರಿಗೆ ಎರಡು ಕಡೆ ಕೆಲಸ. ಒಂದು ಕ್ಷೇತ್ರದಲ್ಲಿ, ಇನ್ನೊಂದು ಸದನದಲ್ಲಿ. ಕ್ಷೇತ್ರದ ಕೆಲಸ ನಮಗೆಲ್ಲ ಗೊತ್ತು, ಕಣ್ಣಿಗೆ ಕಾಣುತ್ತದೆ. ಸದನದ ಕೆಲಸವನ್ನು ನಾವು ಟಿವಿಯಲ್ಲಿ ಗಲಾಟೆ ಆದಾಗ ಮಾತ್ರ ನೋಡುತ್ತೇವೆ. ನಿಜ ಹೇಳಬೇಕೆಂದರೆ ನಮ್ಮೂರಿನ ಕೆಲಸ ಆಗಬೇಕಾದರೆ ಈ ಎರಡನೇ ಕೆಲಸವನ್ನೇ ನಾವು ಜಾಸ್ತಿ ಬಳಸಿಕೊಳ್ಳಬೇಕು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಲೆನಾಡಿನ ಕಡೆಯವನು. ಊರಿನವರಿಗೆ ಮನವಿ ಬರೆದುಕೊಡುವುದು, ಅವರ ಜೊತೆ ಕಚೇರಿಗಳಿಗೆ ಹೋಗುವುದು ನನಗೆ ಅಭ್ಯಾಸ. ಹಾಗಾಗಿ ಉದಾಹರಣೆಗೆ ನಮ್ಮ ಕಡೆಯ ಕಾಲುಸಂಕವನ್ನೇ ತೆಗೆದುಕೊಳ್ಳುತ್ತೇನೆ. ಹಳ್ಳಕ್ಕೆ ಅಡ್ಡವಾಗಿ ಎರಡೋ ಮೂರೋ ಅಡಿಕೆ ಮರ ಹಾಕಿ, ಒಂದು ಪಕ್ಕ ಹಿಡಿದುಕೊಳ್ಳಲು ಬಿದಿರು ಕಟ್ಟಿರುತ್ತಾರೆ. ಜುಲೈ ಹೊತ್ತಿಗೆ ಮರ ನೆನೆದು ಹಾವಸೆ ಹಿಡಿದು ಜಾರುತ್ತದೆ, ಕೆಳಗೆ ಕೆಂಪು ನೀರು. ಅದರ ಮೇಲೆ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು, ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಬಿದಿರು ಹಿಡಿದು ಶಾಲೆಗೆ ಹೋಗಬೇಕು. ನಿಮ್ಮೂರಲ್ಲಿ ಸಮಸ್ಯೆ ಬೇರೆ ಇರಬಹುದು, ಶಾಲೆ ಕೊಠಡಿಯೋ, ಬಸ್ಸೋ, ಕೆರೆ ಏರಿಯೋ. ದಾರಿ ಒಂದೇ.

ಮೊದಲು ಅದು ಯಾರ ಕೆಲಸ ಅಂತ ಪತ್ತೆ ಮಾಡಿ

ಎಲ್ಲದಕ್ಕೂ ಶಾಸಕರ ಹತ್ತಿರ ಓಡಬೇಡಿ. ಬೀದಿ ದೀಪ, ಚರಂಡಿ, ಊರೊಳಗಿನ ಸಣ್ಣ ರಸ್ತೆ, ನಲ್ಲಿ ನೀರು ಇವೆಲ್ಲ ಗ್ರಾಮ ಪಂಚಾಯಿತಿಯದು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಬೇಕು, ಗ್ರಾಮ ಸಭೆಯಲ್ಲಿ ಕೂತು ಕೇಳಬೇಕು. ಜಾತಿ, ಆದಾಯ ಪ್ರಮಾಣಪತ್ರದಂಥವು ಸಕಾಲ ಕಾಯ್ದೆ ಅಡಿ ಬರುತ್ತವೆ. ಇಂತಿಷ್ಟು ದಿನದಲ್ಲಿ ಕೊಡಲೇಬೇಕು ಅಂತ ಕಾನೂನೇ ಇರುವಾಗ ಅದಕ್ಕೆ ಶಿಫಾರಸು ಯಾಕೆ? ರೈಲು, ರಾಷ್ಟ್ರೀಯ ಹೆದ್ದಾರಿ, ಅಂಚೆ ಕಚೇರಿ ಸಂಸದರ ಕಡೆಗೆ. ಪೊಲೀಸ್ ತನಿಖೆ, ಕೋರ್ಟಿನಲ್ಲಿರುವ ಜಮೀನಿನ ವ್ಯಾಜ್ಯ, ಪರೀಕ್ಷೆ ಅಂಕ ಇವುಗಳಲ್ಲಿ ಶಾಸಕರು ಕೈ ಹಾಕಲೂಬಾರದು, ನಾವು ಹಾಕಿ ಅಂತ ಕೇಳಲೂಬಾರದು.

ರಸ್ತೆ, ಸೇತುವೆ ವಿಷಯದಲ್ಲಿ ಒಂದು ಹೆಜ್ಜೆ ಜಾಸ್ತಿ ಇದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿಗಳನ್ನು ಸೇರಿಸುವ ಗ್ರಾಮೀಣ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ನಿಮ್ಮ ಹಳ್ಳ ಇರುವ ದಾರಿ ಯಾರ ಪಟ್ಟಿಯಲ್ಲಿದೆ ಅಂತ ಪಂಚಾಯಿತಿಯಲ್ಲಿ ಕೇಳಿ. ಇದು ಗೊತ್ತಿಲ್ಲದೆ ಮನವಿ ಕೊಟ್ಟರೆ ಒಂದು ಇಲಾಖೆಯಿಂದ ಇನ್ನೊಂದಕ್ಕೆ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಬರೆದು ಕಳಿಸುತ್ತಲೇ ಇರುತ್ತಾರೆ, ಅಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು ಅರಣ್ಯ. ಜಾಗ ಅರಣ್ಯದ್ದು ಅಂದ ಕೂಡಲೇ ಎಲ್ಲರೂ ಕೈ ಚೆಲ್ಲುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ಶಾಲೆ, ರಸ್ತೆ, ಕುಡಿಯುವ ನೀರಿನಂಥ ಸಮುದಾಯದ ಸೌಲಭ್ಯಕ್ಕೆ, ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಲು ಅವಕಾಶ ಇದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಗ್ರಾಮ ಸಭೆಯ ಶಿಫಾರಸು ಬೇಕೇ ಬೇಕು. ಅಂದರೆ ಶಾಸಕರ ಹತ್ತಿರ ಹೋಗುವ ಮೊದಲು ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿಕೊಳ್ಳಿ. ಆ ಠರಾವಿನ ನಕಲು ನಿಮ್ಮ ಕೈಯಲ್ಲಿದ್ದರೆ ಮಾತಿನ ತೂಕವೇ ಬೇರೆ.

ಹಳೇ ಕಥೆ ತಿಳಿದುಕೊಳ್ಳಿ. ಈ ಕೆಲಸಕ್ಕೆ ಹಿಂದೆ ಯಾರಾದರೂ ಅರ್ಜಿ ಕೊಟ್ಟಿದ್ದರೇ, ಅಂದಾಜು ಪಟ್ಟಿ (ಕೆಲಸಕ್ಕೆ ಏನೇನು, ಎಷ್ಟು ಖರ್ಚು ಅನ್ನುವ ಇಂಜಿನಿಯರ್ ಲೆಕ್ಕ) ಆಗಿತ್ತೇ, ಎಲ್ಲಿ ನಿಂತಿತು? ಕೇಳಿದರೆ ಹೇಳದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಅದನ್ನು ನೋಡಿಕೊಂಡು ಬರೆಯಿರಿ. "ಇಂಥ ಹಳ್ಳದ ಕಿರುಸೇತುವೆಗೆ ತಯಾರಿಸಿದ ಅಂದಾಜು ಪಟ್ಟಿಯ ನಕಲು ಮತ್ತು ಅದರ ಮೇಲಿನ ಪತ್ರ ವ್ಯವಹಾರದ ನಕಲು" ಅಂತ ಕೇಳಿದರೆ ಸಾಕು. "ಯಾಕೆ ಮಾಡಿಲ್ಲ?" ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಆ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ, ಇರುವ ದಾಖಲೆ ಸಿಗುತ್ತದೆ.

ಮನವಿ ಒಂದೇ ಪುಟ ಇರಲಿ

"ಸನ್ಮಾನ್ಯ ಜನಪ್ರಿಯ ಶಾಸಕರಾದ" ಅಂತ ಅರ್ಧ ಪುಟ, "ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಇನ್ನರ್ಧ ಪುಟ ಹೋದರೆ ವಿಷಯ ಓದುವವರು ಯಾರು? ಮರ್ಯಾದೆಗೆ ಒಂದು ಸಾಲು ಸಾಕು. ಆಮೇಲೆ ನೇರ ವಿಷಯ. ಒಂದು ಮನವಿಗೆ ಒಂದೇ ಬೇಡಿಕೆ. ಹತ್ತು ಬೇಡಿಕೆ ಸೇರಿಸಿ ಕೊಟ್ಟರೆ ಅದು ಹತ್ತು ಇಲಾಖೆಗೆ ಹೋಗಬೇಕು, ಯಾವುದಕ್ಕೂ ಹೋಗುವುದಿಲ್ಲ.

ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನದ್ದನ್ನು ಎಣಿಸಿ ಹಾಕಿ.

"ವಿಷಯ: ... ಗ್ರಾಮದ ... ಹಳ್ಳಕ್ಕೆ ಕಿರುಸೇತುವೆ ನಿರ್ಮಿಸುವ ಬಗ್ಗೆ.

ಈ ಹಳ್ಳದ ಆಚೆ 22 ಮನೆಗಳಿವೆ. 14 ಮಕ್ಕಳು ದಿನವೂ ಕಾಲುಸಂಕ ದಾಟಿ ಶಾಲೆಗೆ ಹೋಗುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹತ್ತಿರದ ಬೇರೆ ದಾರಿ ಇಲ್ಲ. ಸುತ್ತಿ ಹೋದರೆ 6 ಕಿಲೋಮೀಟರ್. ಹಳ್ಳದ ಅಗಲ ಸುಮಾರು 10 ಮೀಟರ್. ಈ ದಾರಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ವ್ಯಾಪ್ತಿಗೆ ಬರುತ್ತದೆ. ಗ್ರಾಮ ಸಭೆಯಲ್ಲಿ ... ದಿನಾಂಕದಂದು ಠರಾವಾಗಿದೆ, ನಕಲು ಲಗತ್ತಿಸಿದೆ. ಅಂದಾಜು ಪಟ್ಟಿ ತಯಾರಿಸಲು ಇಲಾಖೆಗೆ ಪತ್ರ ಬರೆಯಬೇಕೆಂದೂ ಮುಂದಿನ ಅಧಿವೇಶನದಲ್ಲಿ ಈ ವಿಷಯವನ್ನು ಪ್ರಶ್ನೆಯಾಗಿ ಕೇಳಬೇಕೆಂದೂ ಕೋರುತ್ತೇವೆ."

ಕೆಳಗೆ ಊರಿನವರ ಸಹಿ, ಇಬ್ಬರ ಫೋನ್ ನಂಬರ್, ಜೊತೆಗೆ ಮಳೆಗಾಲದಲ್ಲಿ ತೆಗೆದ ಎರಡು ಫೋಟೋ. ಬೇಸಿಗೆಯಲ್ಲಿ ಒಣಗಿದ ಹಳ್ಳದ ಫೋಟೋ ಕೊಟ್ಟರೆ ಇದಕ್ಕೆ ಸೇತುವೆ ಯಾಕೆ ಅಂತ ಕೇಳುತ್ತಾರೆ. ಮನವಿಯ ಕೊನೆಯ ಸಾಲು ಗಮನಿಸಿದಿರಾ? ಸುಮ್ನೆ "ಸೇತುವೆ ಮಾಡಿಸಿಕೊಡಿ" ಅಂತ ಬರೆದಿಲ್ಲ. ಶಾಸಕರು ತಮ್ಮ ಕೈಯಲ್ಲೇ ಇರುವ, ನಾಳೆಯೇ ಮಾಡಬಹುದಾದ ಎರಡು ಕೆಲಸ ಕೇಳಿದ್ದೇವೆ. ಒಂದು ಪತ್ರ, ಒಂದು ಪ್ರಶ್ನೆ. ಅದಕ್ಕೆ ಇಲ್ಲ ಅನ್ನುವುದು ಯಾರಿಗೂ ಕಷ್ಟ.

ಭೇಟಿಗೆ ಹೋಗುವಾಗ

ಮದುವೆ ಮಂಟಪದಲ್ಲಿ, ಜಾತ್ರೆಯಲ್ಲಿ, ಕಾರು ಹತ್ತುವ ಹೊತ್ತಲ್ಲಿ ಕಾಗದ ಕೊಡಬೇಡಿ. ಅದು ಗನ್‌ಮ್ಯಾನ್ ಕೈಗೆ ಹೋಗಿ, ಕಾರಿನ ಹಿಂದಿನ ಸೀಟಿಗೆ ಹೋಗಿ, ಅಲ್ಲೇ ಉಳಿಯುತ್ತದೆ. ಆಪ್ತ ಸಹಾಯಕರಿಗೆ ಫೋನ್ ಮಾಡಿ ಕ್ಷೇತ್ರದಲ್ಲಿ ಯಾವಾಗ ಸಿಗುತ್ತಾರೆ ಅಂತ ಕೇಳಿ ಹೋಗಿ. ಈ ಪಿಎಗಳ ಜೊತೆ ಗೌರವದಿಂದ ಇರಿ, ಅದು ಬಹಳ ಮುಖ್ಯ. ಯಾವ ಕಾಗದ ಎಲ್ಲಿಗೆ ಹೋಯಿತು ಅಂತ ನೆನಪಿಟ್ಟುಕೊಳ್ಳುವವರು ಅವರೇ.

ನಾಲ್ಕೈದು ಜನ ಸಾಕು. ಮೂವತ್ತು ಜನ ಜೀಪಿನಲ್ಲಿ ಹೋದರೆ ಒಬ್ಬೊಬ್ಬರು ಒಂದೊಂದು ಮಾತಾಡಿ ವಿಷಯ ಚದುರುತ್ತದೆ. ಆ ಕಾಲುಸಂಕ ದಾಟುವ ಮಗುವಿನ ತಾಯಿ ಒಬ್ಬರು ಇರಲಿ. ಊರಿನಲ್ಲಿ ಬೇರೆ ಪಕ್ಷಕ್ಕೆ ಓಟು ಹಾಕುವವರೂ ಒಬ್ಬರು ಇರಲಿ, ಇದು ಇಡೀ ಊರಿನ ವಿಷಯ ಅಂತ ಗೊತ್ತಾಗಲಿ. ಮನವಿ ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ದಿನಾಂಕ ಹಾಕಿ ಸ್ವೀಕೃತಿ ಸಹಿ ಮಾಡಿಸಿಕೊಳ್ಳಿ.

ಶಾಸಕರು ಸಾಮಾನ್ಯವಾಗಿ ಮನವಿಯ ಮೇಲೇ ಒಂದು ಷರಾ ಬರೆಯುತ್ತಾರೆ. "ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು" ಅಂತ. ನಮಗೆ ಖುಷಿಯಾಗಿ ಅದನ್ನು ಹಿಡಿದುಕೊಂಡು ಇಂಜಿನಿಯರ್ ಹತ್ತಿರ ಓಡುತ್ತೇವೆ. ಅಂಥ ಷರಾ ಅವರ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಷರಾದ ಬದಲು ಲೆಟರ್‌ಹೆಡ್‌ನಲ್ಲಿ ಪತ್ರ ಕೇಳಿ. ಪತ್ರಕ್ಕೆ ಸಂಖ್ಯೆ ಮತ್ತು ದಿನಾಂಕ ಇರಬೇಕು. ಸಂಖ್ಯೆ ಇದ್ದ ಪತ್ರ ಇಲಾಖೆಯ ಆವಕ ಪುಸ್ತಕಕ್ಕೆ ಏರುತ್ತದೆ, ಅದಕ್ಕೊಂದು ಕಡತ ಹುಟ್ಟುತ್ತದೆ, ನಾಳೆ ಮಾಹಿತಿ ಹಕ್ಕಿನಲ್ಲಿ ಆ ಸಂಖ್ಯೆ ಹಾಕಿ ಏನಾಯಿತು ಅಂತ ಕೇಳಬಹುದು.

ದುಡ್ಡು ಎಲ್ಲಿಂದ ಬರುತ್ತದೆ

ಕರ್ನಾಟಕದಲ್ಲಿ ಪ್ರತಿ ಶಾಸಕರಿಗೆ, ವಿಧಾನ ಪರಿಷತ್ ಸದಸ್ಯರಿಗೂ ಸೇರಿ, ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಈ ದುಡ್ಡು ಶಾಸಕರ ಕೈಗೆ ಬರುವುದಿಲ್ಲ. ಅವರು ಕೆಲಸವನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಒಂದು ಕ್ಷೇತ್ರದಲ್ಲಿ ಹತ್ತಾರು ಗ್ರಾಮ ಪಂಚಾಯಿತಿ, ನೂರಾರು ಊರು ಇರುವಾಗ 2 ಕೋಟಿ ಎಲ್ಲಿಗೆ ಸಾಕಾಗುತ್ತದೆ? ಶಾಲೆ ಕೊಠಡಿ, ಸಮುದಾಯ ಭವನ, ಬಸ್ ತಂಗುದಾಣ, ಸಣ್ಣ ಕಾಲುಸಂಕದಂಥದ್ದಕ್ಕೆ ಇದನ್ನು ಕೇಳಿ. ದೊಡ್ಡ ಕೆಲಸಕ್ಕೆ ಇಲಾಖೆಯ ಬಜೆಟ್ ಬೇಕು.

ಇಲಾಖೆಯ ಬಜೆಟ್ ಅಂದರೆ ಸಮಯ ಗೊತ್ತಿರಬೇಕು. ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮಂಡನೆ ಆಗುತ್ತದೆ. ಇಲಾಖೆಗಳು ತಮ್ಮ ಬೇಡಿಕೆ ಪಟ್ಟಿ ತಯಾರಿಸುವುದು ಅದಕ್ಕಿಂತ ಕೆಲವು ತಿಂಗಳು ಮುಂಚೆ. ಮಳೆ ನಿಂತ ತಕ್ಷಣ, ದಸರಾ ಮುಗಿಯುವ ಹೊತ್ತಿಗೆ ಮನವಿ ಕೊಟ್ಟು, ಅಂದಾಜು ಪಟ್ಟಿ ಮಾಡಿಸಿಕೊಂಡಿದ್ದರೆ ಅದು ಪಟ್ಟಿಗೆ ಸೇರುವ ಸಂಭವ ಇರುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ. ಚುನಾವಣೆ ನೀತಿ ಸಂಹಿತೆ ಬಂದರೆ ಹೊಸ ಕೆಲಸ ಶುರು ಮಾಡುವಂತಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ತಾಲ್ಲೂಕಿನ ಕೆಡಿಪಿ ಸಭೆ ಅಂತ ಒಂದಿದೆ. ತ್ರೈಮಾಸಿಕ ಪ್ರಗತಿ ಪರಿಶೀಲನೆ. ಶಾಸಕರೇ ಅಧ್ಯಕ್ಷರು, ತಾಲ್ಲೂಕಿನ ಎಲ್ಲ ಇಲಾಖೆ ಅಧಿಕಾರಿಗಳು ಬಂದು ಕೂರುತ್ತಾರೆ. ಅಲ್ಲಿ ಶಾಸಕರು "ಆ ಹಳ್ಳದ ಅಂದಾಜು ಪಟ್ಟಿ ಎಲ್ಲಿಗೆ ಬಂತು?" ಅಂತ ಕೇಳಿದರೆ ಸಭೆಯ ನಡಾವಳಿಯಲ್ಲಿ ಅದು ದಾಖಲಾಗುತ್ತದೆ, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಕೊಡಬೇಕಾಗುತ್ತದೆ. ಸಭೆ ಯಾವತ್ತು ಅಂತ ತಿಳಿದುಕೊಂಡು ಹಿಂದಿನ ದಿನ ಪಿಎಗೆ ಒಂದು ವಾಟ್ಸ್ಯಾಪ್ ಸಂದೇಶ ಹಾಕಿ, ಪತ್ರದ ಸಂಖ್ಯೆ ಸಮೇತ. ಇದೇ ರೀತಿ ಬಗರ್ ಹುಕುಂ ಸಮಿತಿಗೂ, ಅಂದರೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡು ಬಂದವರ ಸಕ್ರಮದ ಅರ್ಜಿ ನೋಡುವ ಸಮಿತಿಗೂ, ಶಾಸಕರೇ ಅಧ್ಯಕ್ಷರು. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ರೈತರು ಸಮಿತಿ ಸಭೆ ಯಾಕೆ ಕರೆದಿಲ್ಲ ಅಂತ ಅವರನ್ನು ನೇರವಾಗಿ ಕೇಳಬಹುದು. ಅದು ಅವರ ಜವಾಬ್ದಾರಿ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗ್ರಾಮ ಪಂಚಾಯಿತಿಗೂ ಶಾಸಕರಿಗೂ ಮಧ್ಯೆ ಇರಬೇಕಾದ ಜನಪ್ರತಿನಿಧಿಗಳೇ ಇಲ್ಲದೆ ಎಲ್ಲ ಭಾರ ಶಾಸಕರ ಬಾಗಿಲಿಗೆ ಬಂದು ಬಿತ್ತು. ಇದು ನನಗೆ ತುಂಬ ಬೇಸರದ ವಿಷಯ. ಪಂಚಾಯತ್ ರಾಜ್‌ನಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು, ಅಬ್ದುಲ್ ನಜೀರ್ ಸಾಬ್ ಅವರು ಎಂಬತ್ತರ ದಶಕದಲ್ಲಿ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಹಾಕಿಸಿ "ನೀರ್ ಸಾಬ್" ಅನ್ನಿಸಿಕೊಂಡರು, ಅಧಿಕಾರವನ್ನು ಹಳ್ಳಿಗೆ ಇಳಿಸಬೇಕು ಅಂತ ಹಟ ಹಿಡಿದರು.

ಸದನದಲ್ಲಿ ಕೇಳಿಸುವುದು

ವಿಧಾನಸಭೆಯಲ್ಲಿ 224 ಸದಸ್ಯರು, ವಿಧಾನ ಪರಿಷತ್ತಿನಲ್ಲಿ 75. ಬೆಂಗಳೂರಿನ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ, ಚಳಿಗಾಲದ್ದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ದಿನದ ಕಲಾಪದಲ್ಲಿ ಪ್ರಶ್ನೋತ್ತರ ಅಂತ ಒಂದು ಹೊತ್ತು ಇರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಆದರೆ ದಿನಕ್ಕೆ ಕೆಲವಕ್ಕೆ ಮಾತ್ರ ಅವಕಾಶ, ಅದರಲ್ಲೂ ಗದ್ದಲ ಆದರೆ ಅಷ್ಟೂ ಬರುವುದಿಲ್ಲ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ.

ಜನರಿಗೆ ಶಾಸಕರು ಮೈಕ್ ಹಿಡಿದು ಗುಡುಗುವುದು ಇಷ್ಟ, ವೀಡಿಯೋ ಹಂಚಿಕೊಳ್ಳಲು ಚೆನ್ನಾಗಿರುತ್ತದೆ. ನಮ್ಮೂರಿನ ಕಿರುಸೇತುವೆಗೆ ಲಿಖಿತ ಉತ್ತರವೇ ಜಾಸ್ತಿ ಉಪಯೋಗ. ಯಾಕೆ ಅಂತ ಹೇಳುತ್ತೇನೆ. ಪ್ರಶ್ನೆ ಅಂಗೀಕಾರ ಆದ ಕೂಡಲೇ ಅದು ವಿಧಾನಸಭೆ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ ಹೋಗುತ್ತದೆ. ಅಲ್ಲಿಂದ ಮುಖ್ಯ ಇಂಜಿನಿಯರ್, ಕಾರ್ಯಪಾಲಕ ಇಂಜಿನಿಯರ್, ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್), ಕೊನೆಗೆ ನಿಮ್ಮ ಹೋಬಳಿ ನೋಡಿಕೊಳ್ಳುವ ಕಿರಿಯ ಇಂಜಿನಿಯರ್ ತನಕ ಇಳಿಯುತ್ತದೆ. "ಎಲ್‌ಎ ಪ್ರಶ್ನೆ, ತುರ್ತು" ಅಂತ, ಅಂದರೆ ವಿಧಾನಸಭೆಯ ಪ್ರಶ್ನೆ ಅಂತ, ಮೇಲಿನಿಂದ ಫೋನ್ ಬರುತ್ತದೆ. ಎರಡು ವರ್ಷ ನಿಮ್ಮ ಹಳ್ಳದ ಕಡೆ ತಲೆ ಹಾಕದವರು ಎರಡು ದಿನದಲ್ಲಿ ಬಂದು ಟೇಪ್ ಹಿಡಿದು ಅಳೆದುಕೊಂಡು ಹೋಗುತ್ತಾರೆ. ಉತ್ತರ ಸದನಕ್ಕೆ ಬರುವ ಮೊದಲೇ, ಪ್ರಶ್ನೆ ಕೆಳಗಿಳಿಯುವ ದಾರಿಯಲ್ಲೇ ಅರ್ಧ ಕೆಲಸ ಮಾಡಿಬಿಡುತ್ತದೆ. ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪ್ರಶ್ನೆಯನ್ನು ನೀವೇ ಬರೆದುಕೊಂಡು ಹೋಗಿ. ಅದಕ್ಕೊಂದು ರೂಢಿಯ ಶೈಲಿ ಇದೆ:

"ಅ) ... ತಾಲ್ಲೂಕಿನಲ್ಲಿ ಶಾಲಾ ಮಕ್ಕಳು ಮಳೆಗಾಲದಲ್ಲಿ ಕಾಲುಸಂಕಗಳ ಮೇಲೆ ಹಳ್ಳ ದಾಟುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
ಆ) ಬಂದಿದ್ದಲ್ಲಿ, ಅಂತಹ ಕಾಲುಸಂಕಗಳು ಎಷ್ಟು, (ಗ್ರಾಮವಾರು ವಿವರ ನೀಡುವುದು)
ಇ) ಇವುಗಳ ಪೈಕಿ ಎಷ್ಟಕ್ಕೆ ಅಂದಾಜು ಪಟ್ಟಿ ತಯಾರಾಗಿದೆ; ಪ್ರಸ್ತಾವನೆಗಳು ಯಾವ ಹಂತದಲ್ಲಿವೆ;
ಈ) ಯಾವ ಲೆಕ್ಕ ಶೀರ್ಷಿಕೆಯಡಿ ಅನುದಾನ ಒದಗಿಸಲಾಗುವುದು, ಯಾವ ಕಾಲಮಿತಿಯಲ್ಲಿ ಕಾಮಗಾರಿ ಪೂರ್ಣಗೊಳಿಸಲಾಗುವುದು?"

ನಮ್ಮ ಒಂದು ಹಳ್ಳದ ಬದಲು ಇಡೀ ತಾಲ್ಲೂಕಿನ ಬಗ್ಗೆ ಕೇಳಿದ್ದೇವೆ, ಅಲ್ವಾ? ಒಂದು ಊರಿನ ಪ್ರಶ್ನೆ ಅಂದರೆ ಸದನಕ್ಕೆ ಸಣ್ಣದು ಅನ್ನಿಸಬಹುದು. ತಾಲ್ಲೂಕಿನದ್ದು ಅಂದರೆ ಶಾಸಕರಿಗೂ ಹತ್ತು ಊರಿನ ಹೆಸರು ಹೇಳಲು ಸಿಗುತ್ತದೆ, ಸರ್ಕಾರ ಒಂದು ಪಟ್ಟಿಯನ್ನೇ ತಯಾರಿಸಬೇಕಾಗುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹಳ್ಳದ ಹೆಸರು ಬಂದರೆ ಅದು ಸರ್ಕಾರವೇ ಒಪ್ಪಿಕೊಂಡ ದಾಖಲೆ. ಬರದಿದ್ದರೆ "ಉತ್ತರ ತಪ್ಪಾಗಿದೆ" ಅಂತ ಫೋಟೋ ಸಮೇತ ಮತ್ತೆ ಹೋಗಬಹುದು. ಎರಡೂ ನಮಗೆ ಲಾಭವೇ.

ಪ್ರಶ್ನೆ ಕೊಡಲು ಗಡುವು ಇರುತ್ತದೆ. ಅಧಿವೇಶನ ಶುರು ಆದ ಮೇಲೆ ಹೋದರೆ ತಡ. ದಿನಾಂಕ ಪತ್ರಿಕೆಯಲ್ಲಿ ಬಂದ ದಿನವೇ ಪಿಎ ಹತ್ತಿರ ಮಾತಾಡಿ. ಕೋರ್ಟಿನಲ್ಲಿರುವ ವಿಷಯ ತೆಗೆದುಕೊಳ್ಳುವುದಿಲ್ಲ, ಯಾರನ್ನಾದರೂ ಬಯ್ಯುವ ಮಾತು ಇದ್ದರೆ ತಿರಸ್ಕರಿಸುತ್ತಾರೆ. ಗಡುವು ತಪ್ಪಿಹೋಗಿ, ವಿಷಯ ತುರ್ತಾಗಿದ್ದರೆ, ಉದಾಹರಣೆಗೆ ಕಾಲುಸಂಕ ಕೊಚ್ಚಿಕೊಂಡು ಹೋಗಿದ್ದರೆ, ವಿಧಾನಸಭೆಯಲ್ಲಿ ನಿಯಮ 73ರ ಅಡಿ ಗಮನ ಸೆಳೆಯುವ ಸೂಚನೆ ಕೊಡಬಹುದು. ಪರಿಷತ್ತಿನಲ್ಲಿ ಅದಕ್ಕೆ ನಿಯಮ 72. ಶೂನ್ಯವೇಳೆಯಲ್ಲೂ ಪ್ರಸ್ತಾಪಿಸಬಹುದು.

ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುವ ಜಾಗದಲ್ಲಿರುತ್ತಾರೆ. ಆಗ ವಿಧಾನ ಪರಿಷತ್ ಸದಸ್ಯರನ್ನು ಹಿಡಿಯಿರಿ. ಪರಿಷತ್ತಿನ 75ರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ, 25 ಜನ ವಿಧಾನಸಭೆ ಸದಸ್ಯರಿಂದ ಆಯ್ಕೆಯಾದವರು. ಪದವೀಧರರ ಕ್ಷೇತ್ರದಿಂದ 7, ಶಿಕ್ಷಕರ ಕ್ಷೇತ್ರದಿಂದ 7, ಉಳಿದ 11 ನಾಮಕರಣ. ಗ್ರಾಮ ಪಂಚಾಯಿತಿ ಸದಸ್ಯರು ಓಟು ಹಾಕಿ ಕಳಿಸಿದ ಎಂಎಲ್‌ಸಿ ನಿಮ್ಮ ಜಿಲ್ಲೆಗೂ ಇರುತ್ತಾರೆ, ಎಷ್ಟೋ ಜನರಿಗೆ ಅವರ ಹೆಸರೇ ಗೊತ್ತಿರುವುದಿಲ್ಲ. ಶಾಲೆಯ ವಿಷಯ ಆದರೆ ಶಿಕ್ಷಕರ ಕ್ಷೇತ್ರದವರು ಚೆನ್ನಾಗಿ ಸ್ಪಂದಿಸುತ್ತಾರೆ. ಶಾಸಕರು ವಿರೋಧ ಪಕ್ಷದಲ್ಲಿದ್ದಾರೆ, ಅವರ ಕೈಯಲ್ಲಿ ಏನೂ ಆಗುವುದಿಲ್ಲ ಅಂತ ಕೈ ಬಿಡಬೇಡಿ. ಅನುದಾನ ಕಡಿಮೆ ಬರಬಹುದು, ಪ್ರಶ್ನೆ ಕೇಳಲು ಮಾತ್ರ ಅವರಿಗೇ ಹುರುಪು ಜಾಸ್ತಿ. 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಗೆದ್ದುಹೋದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ವಿರೋಧ ಪಕ್ಷದ ಸಾಲಿನಲ್ಲೇ ಕೂತು ಗೇಣಿದಾರರ ಕಷ್ಟವನ್ನು ಸದನದಲ್ಲಿ ಎತ್ತಿದರು. ಇವತ್ತಿಗೂ ಮಲೆನಾಡಿನವರು ಅವರ ಹೆಸರು ಹೇಳುವಾಗ ದನಿ ಬದಲಾಗುತ್ತದೆ.

ಮಸೂದೆಗಳ ಬಗ್ಗೆ ಒಂದೆರಡು ಮಾತು. ಮತ ಹಾಕುವ ವಿಷಯದಲ್ಲಿ ಶಾಸಕರ ಕೈ ಕಟ್ಟಿರುತ್ತದೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಪ್ರಕಾರ ವಿಪ್ (ಹೀಗೇ ಮತ ಹಾಕಿ ಅಂತ ಪಕ್ಷ ಕೊಡುವ ಆದೇಶ) ಮೀರಿದರೆ ಸ್ಥಾನವೇ ಹೋಗಬಹುದು. ಆದರೆ ಮಸೂದೆಯನ್ನು ಸಮಿತಿಗೆ ಒಪ್ಪಿಸಿದಾಗ ನಮಗೂ ಬಾಗಿಲು ತೆರೆಯುತ್ತದೆ. 2024ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವನ್ನು ಜಂಟಿ ಸಮಿತಿಗೆ ಒಪ್ಪಿಸಿದಾಗ ಸಮಿತಿ ಜನರ ಅಭಿಪ್ರಾಯ ಕೇಳಿತ್ತು. ಅಂಥ ಸಂದರ್ಭ ಬಂದರೆ ಬಿಡಬೇಡಿ.

ಉತ್ತರ ಬಂದ ಮೇಲೆ

ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ, ಶಾಸಕರಿಗೂ ಪ್ರತಿ ಬರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅದನ್ನು ನಿಧಾನವಾಗಿ ಓದಿ. "ಬಂದಿದೆ" ಅಂತ ಇದ್ದರೆ ಸಮಸ್ಯೆ ಒಪ್ಪಿಕೊಂಡರು ಅಂತ. "ಪರಿಶೀಲನೆಯಲ್ಲಿದೆ" ಅಂದರೆ ಕಡತ ಎಲ್ಲೋ ಇದೆ, ಎಲ್ಲಿದೆ ಅಂತ ಹುಡುಕಬೇಕು. "ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು" ಅಂದರೆ ಈ ವರ್ಷ ದುಡ್ಡು ಇಟ್ಟಿಲ್ಲ ಅಂತ ಅರ್ಥ ಮಾಡಿಕೊಳ್ಳಿ, ಮುಂದಿನ ಬಜೆಟ್‌ಗೆ ಈಗಲೇ ಬೆನ್ನು ಹತ್ತಿ. "ಉದ್ಭವಿಸುವುದಿಲ್ಲ" ಅಂತ ಬಂದರೆ ಮೇಲಿನ ಪ್ರಶ್ನೆಗೆ ಇಲ್ಲ ಅಂದಿದ್ದಾರೆ, ಹಾಗಾಗಿ ಮುಂದಿನದಕ್ಕೆ ಉತ್ತರವೇ ಕೊಟ್ಟಿಲ್ಲ. ಇದು ಬಂದರೆ ಬೇಸರ ಮಾಡಿಕೊಳ್ಳದೆ, ಯಾವ ಮಾಹಿತಿ ಮೇಲೆ ಇಲ್ಲ ಅಂದರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಮಂತ್ರಿಗಳು ಸದನದಲ್ಲಿ "ಮಾಡಿಸಿಕೊಡುತ್ತೇವೆ" ಅಂತ ಹೇಳಿದರೆ ಅದಕ್ಕೆ ಬೆಲೆ ಇದೆ. ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ, ಸದನದಲ್ಲಿ ಕೊಟ್ಟ ಭರವಸೆ ಈಡೇರಿತೇ ಅಂತ ನೋಡುವುದೇ ಅದರ ಕೆಲಸ. ವರ್ಷ ಕಳೆದರೂ ಏನೂ ಆಗದಿದ್ದರೆ ಆ ಸಮಿತಿಗೆ ಬರೆಯಲು ಶಾಸಕರಿಗೆ ಹೇಳಿ. ಅರ್ಜಿಗಳ ಸಮಿತಿಯೂ ಇದೆ. ಶಾಸಕರ ಮೂಲಕ ಊರಿನವರೇ ಅರ್ಜಿ ಸಲ್ಲಿಸಬಹುದು, ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ಇದನ್ನು ಬಳಸುವವರು ತೀರ ಕಡಿಮೆ.

ಇಷ್ಟೆಲ್ಲ ಆಗಿ ಮಂಜೂರಾತಿ ಬಂದರೆ ಶಾಸಕರು ಗುದ್ದಲಿ ಪೂಜೆಗೆ ಬರುತ್ತಾರೆ. ಅವತ್ತು ಹಾರ ಹಾಕಿ, ಕೃತಜ್ಞತೆ ಹೇಳಿ. ಯಾರು ಕೆಲಸ ಮಾಡಿದರೋ ಅವರಿಗೆ ಎಲ್ಲರೆದುರು ಹೇಳಬೇಕು, ಪ್ರಶ್ನೆ ಕೇಳಿದ್ದಕ್ಕೆ ಜನ ಬೆಲೆ ಕೊಡುತ್ತಾರೆ ಅಂತ ಗೊತ್ತಾದರೆ ಮುಂದಿನ ಸಲ ಅವರೇ ಕೇಳುತ್ತಾರೆ. ಹಾಗೇ ಅವತ್ತೇ ಇಂಜಿನಿಯರ್ ಹತ್ತಿರ ಕಾರ್ಯಾದೇಶದ ಸಂಖ್ಯೆ, ಗುತ್ತಿಗೆದಾರರ ಹೆಸರು, ಮುಗಿಸಬೇಕಾದ ದಿನಾಂಕ, ಅಂದಾಜು ಮೊತ್ತ ಬರೆದುಕೊಳ್ಳಿ. ಪೂಜೆ ಆಗಿ ಜಲ್ಲಿ ರಾಶಿ ಹಾಕಿ ಹೋದವರು ಆಮೇಲೆ ಬರದೇ ಇರುವುದು ಬೇಕಾದಷ್ಟಿದೆ. ಅಂದಾಜು ಪಟ್ಟಿಯ ನಕಲು ಇದ್ದರೆ ಕಂಬಿ ಎಷ್ಟು ದಪ್ಪ, ಕಾಂಕ್ರೀಟ್ ಎಷ್ಟು ಅಂತ ಊರಿನ ಗಾರೆ ಮೇಸ್ತ್ರಿಯೇ ನೋಡಿ ಹೇಳುತ್ತಾರೆ. ತಡೆಗೋಡೆ ಪಟ್ಟಿಯಲ್ಲಿದೆಯೇ ಅಂತ ಮರೆಯದೆ ನೋಡಿ. ಮಕ್ಕಳು ದಾಟುವ ಸೇತುವೆಗೆ ಅದು ಬೇಕೇ ಬೇಕು, ದುಡ್ಡು ಸಾಲದೆ ಬಂದಾಗ ಮೊದಲು ಬಿಟ್ಟುಬಿಡುವುದೂ ಅದನ್ನೇ. ಬಿಟ್ಟಿದ್ದರೆ ಮತ್ತೆ ಒಂದು ಪುಟದ ಮನವಿ, ಮತ್ತೆ ಪಿಎಗೆ ಫೋನ್, ಪತ್ರಕ್ಕೊಂದು ಸಂಖ್ಯೆ.